ಪರಿವರ್ತನೆ ಮತ್ತು ಪ್ರಾಮಾಣಿಕತೆ: ಒಂದು ಹಳೆಯ ಕಾರಿನ ನಿಮಿತ್ತ ಕೆಲವು ವಿಚಾರಗಳು

ಧರ್ಮವಿಚಾರವು ಬಸದಿಯಲ್ಲಿಯೂ ಸ್ವಾಧ್ಯಾಯದ ಪೀಠದ ಮುಂದೆಯೂ ಮಾತ್ರ ನಡೆಯತಕ್ಕದ್ದೆಂದು ಭಾವಿಸುವವರುಂಟು. ಆದರೆ ಶ್ರಾವಕಾಚಾರ ಗ್ರಂಥಗಳನ್ನು ತೆರೆದು ನೋಡಿದರೆ ತಕ್ಕಡಿ, ಅಳತೆಯ ಪಾತ್ರೆ, ಎತ್ತಿನ ಮೇಲೆ ಹೇರುವ ಹೊರೆ, ನಂಬಿ ಇಟ್ಟ ಒಡವೆ ಮೊದಲಾದ ನಿತ್ಯವ್ಯವಹಾರದ ವಸ್ತುಗಳ ಪ್ರಸ್ತಾಪವು ಅಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ವ್ರತವು ಮನಸ್ಸಿನಲ್ಲಿ ಹುಟ್ಟಿದರೂ ಅದರ ಪರೀಕ್ಷೆ ನಡೆಯುವುದು ವಸ್ತುಗಳ ನಡುವೆಯೇ ಎಂಬುದನ್ನು ಆಚಾರ್ಯರು ಚೆನ್ನಾಗಿ ಅರಿತಿದ್ದರು. ಇಂದಿನ ಗೃಹಸ್ಥನ ಮನೆಯಲ್ಲಿ ಎತ್ತಿನ ಬಂಡಿಯ ಸ್ಥಾನಕ್ಕೆ ಮೋಟಾರು ವಾಹನ ಬಂದಿದೆ. ಆದುದರಿಂದ ವಾಹನದ ವಿಷಯದಲ್ಲಿಯೂ ಧರ್ಮವಿಚಾರ ಸಲ್ಲುತ್ತದೆ.

ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಮೇಲ್ನೋಟಕ್ಕೆ ಅತಿ ಸಣ್ಣದು. ಒಬ್ಬ ಗೃಹಸ್ಥನ ಬಳಿ ಹಳೆಯ ಕಾಲದ, ಬೆಲೆಬಾಳುವ ಒಂದು ಕಾರು ಇದೆ. ಅದರಲ್ಲಿ ಕೈಯಿಂದ ಬದಲಿಸುವ ಗೇರ್‌ಪೆಟ್ಟಿಗೆ ಇದೆ. ಅದನ್ನು ತೆಗೆದು, ಓವರ್‌ಡ್ರೈವ್ ಉಳ್ಳ ಸ್ವಯಂಚಾಲಿತ ಗೇರ್‌ಪೆಟ್ಟಿಗೆಯನ್ನು ಅಳವಡಿಸಬೇಕೆಂದು ಅವನು ಬಯಸುತ್ತಾನೆ. ಹಾಗೆ ಮಾಡುವುದು ಯುಕ್ತವೇ? ಬದಲಿಸಿದ ಮೇಲೆ ಅದು ಮೊದಲಿನ ಕಾರೇ ಹೌದೋ ಅಲ್ಲವೋ? ಅನ್ಯಾಯವೇನಾದರೂ ಆಗುವುದಿದ್ದರೆ ಅದು ಯಾರಿಗೆ? ಈ ಪ್ರಶ್ನೆಗಳನ್ನು ಬಿಡಿಸುತ್ತ ಹೋದಂತೆ ದ್ರವ್ಯಸ್ವರೂಪ, ಅಪರಿಗ್ರಹ, ಸತ್ಯ, ಅಚೌರ್ಯ, ಅಹಿಂಸೆ ಎಂಬ ದೊಡ್ಡ ವಿಷಯಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ.

ವಿಚಾರವು ಬರಿಯ ಮಾತಾಗದಿರಲು ಒಂದು ನಿಶ್ಚಿತ ಉದಾಹರಣೆ ಬೇಕು. ಅಮೆರಿಕದ ಫೋರ್ಡ್ ಸಂಸ್ಥೆಯು 1964ರ ಏಪ್ರಿಲ್ ತಿಂಗಳಲ್ಲಿ ಮಸ್ಟಾಂಗ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. 1966ರ ಮಾದರಿಯ ಮಸ್ಟಾಂಗ್ ಕಾರುಗಳಲ್ಲಿ ಅನೇಕಕ್ಕೆ 289 ಘನ ಅಂಗುಲ, ಅಂದರೆ ಸುಮಾರು 4.7 ಲೀಟರ್ ಗಾತ್ರದ, ಎಂಟು ಸಿಲಿಂಡರುಗಳ ಎಂಜಿನ್ನೂ ಕೆಲವಕ್ಕೆ ನಾಲ್ಕು ಗತಿಗಳ ಮ್ಯಾನುಯಲ್ ಗೇರ್‌ಪೆಟ್ಟಿಗೆಯೂ ಇದ್ದವು. ಈ ಪೆಟ್ಟಿಗೆಯ ಅತ್ಯುನ್ನತ ಗತಿಯಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಕ್ಕೆ ಹೋಗುವ ಶಾಫ್ಟ್ ಕೂಡ ಒಂದೇ ಸುತ್ತು ತಿರುಗುತ್ತದೆ. ಹಿಂದಿನ ಅಚ್ಚಿನ ಅನುಪಾತ 3.50 ಇದ್ದು ಚಕ್ರದ ವ್ಯಾಸ ಸುಮಾರು 65 ಸೆಂಟಿಮೀಟರ್ ಇದ್ದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗಬೇಕಾಗುತ್ತದೆ. ಹೆದ್ದಾರಿಯಲ್ಲಿ ಹಲವು ಗಂಟೆಗಳ ಕಾಲ ಹೀಗೆ ಓಡುವಾಗ ಶಬ್ದವೂ ಶಾಖವೂ ಸವೆತವೂ ಹೆಚ್ಚು.

ಓವರ್‌ಡ್ರೈವ್ ಎಂಬುದು ಇದಕ್ಕೆ ಕಂಡುಕೊಂಡ ಪರಿಹಾರ. ಅದರಲ್ಲಿ ಎಂಜಿನ್ನಿಗಿಂತ ಶಾಫ್ಟ್ ಹೆಚ್ಚು ಸುತ್ತು ತಿರುಗುತ್ತದೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದಲ್ಲಿ 1975ರ ಶಾಸನವೊಂದು ಹೊಸ ಕಾರುಗಳ ಸರಾಸರಿ ಇಂಧನ ದಕ್ಷತೆಗೆ ಮಾನದಂಡವನ್ನು ವಿಧಿಸಿತು. ಆ ಒತ್ತಡದ ದಿನಗಳಲ್ಲಿ ಫೋರ್ಡ್ ಸಂಸ್ಥೆಯು 1980ರ ಮಾದರಿಗಳಲ್ಲಿ ಎ.ಓ.ಡಿ. ಎಂಬ ನಾಲ್ಕು ಗತಿಗಳ ಸ್ವಯಂಚಾಲಿತ ಪೆಟ್ಟಿಗೆಯನ್ನೂ, ಜನರಲ್ ಮೋಟರ್ಸ್ ಸಂಸ್ಥೆಯು 1982ರಲ್ಲಿ 700-ಆರ್4 ಎಂಬುದನ್ನೂ ತಂದವು. ಎ.ಓ.ಡಿ. ಪೆಟ್ಟಿಗೆಯ ನಾಲ್ಕನೆಯ ಗತಿಯ ಅನುಪಾತ 0.67. ಮೇಲಿನ ಲೆಕ್ಕದ ಕಾರಿಗೆ ಇದನ್ನು ಜೋಡಿಸಿದರೆ ಅದೇ 100 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ ಸುಮಾರು 1900 ಸುತ್ತು ಸಾಕು. ಒಂದು ಗಂಟೆಯ ಪ್ರಯಾಣದಲ್ಲಿ ಎಂಜಿನ್ನಿಗೆ ಐವತ್ತು ಸಾವಿರಕ್ಕೂ ಹೆಚ್ಚು ಸುತ್ತುಗಳ ಶ್ರಮ ಉಳಿಯುತ್ತದೆ. ಮಿತಬಳಕೆಯ ಚಿಂತೆಯಿಂದ ಹುಟ್ಟಿದ ಯಂತ್ರವಿದು ಎಂಬುದು ಗಮನಾರ್ಹ.

ಬದಲಾವಣೆಯ ಕೆಲಸ ಸುಲಭದ್ದಲ್ಲ. ಕ್ಲಚ್ಚನ್ನೂ ಅದರ ಪೆಡಲನ್ನೂ ಸನ್ನೆಗಳನ್ನೂ ತೆಗೆಯಬೇಕು. ಭಾರವಾದ ಫ್ಲೈವೀಲಿನ ಬದಲು ತೆಳುವಾದ ಫ್ಲೆಕ್ಸ್‌ಪ್ಲೇಟನ್ನೂ ಅದಕ್ಕೆ ಟಾರ್ಕ್ ಕನ್ವರ್ಟರನ್ನೂ ಕೂಡಿಸಬೇಕು. ಪೆಟ್ಟಿಗೆಯನ್ನು ಹೊರುವ ಅಡ್ಡತೊಲೆಯನ್ನು ಬದಲಿಸಬೇಕು; ಪ್ರೊಪೆಲರ್ ಶಾಫ್ಟಿನ ಉದ್ದವನ್ನು ಸರಿಪಡಿಸಬೇಕು; ದ್ರವವನ್ನು ತಂಪಾಗಿಸಲು ರೇಡಿಯೇಟರಿಗೆ ಕೊಳವೆಗಳನ್ನು ಒಯ್ಯಬೇಕು; ಗೇರಿನಲ್ಲಿರುವಾಗ ಎಂಜಿನ್ ಚಾಲೂ ಆಗದಂತೆ ತಡೆಯುವ ಸ್ವಿಚ್ಚನ್ನು ಅಳವಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕಾರ್ಬ್ಯುರೇಟರಿನಿಂದ ಪೆಟ್ಟಿಗೆಗೆ ಬರುವ ಥ್ರಾಟಲ್ ಸಂಪರ್ಕವನ್ನು ಕರಾರುವಾಕ್ಕಾಗಿ ಹೊಂದಿಸಬೇಕು. ಅದು ತಪ್ಪಿದರೆ ಒಳಗಿನ ದ್ರವದ ಒತ್ತಡ ಸಾಲದೆ, ಒಳಗಿನ ಕ್ಲಚ್ ಬಿಲ್ಲೆಗಳು ಜಾರಿ, ಅಲ್ಪಕಾಲದಲ್ಲಿಯೇ ಸುಟ್ಟುಹೋಗುತ್ತವೆ. ಹೊರಗಿನಿಂದ ನೋಡುವವರಿಗೆ ಕಾಣದ ಒಂದು ಸಣ್ಣ ತಂತಿಯ ಅಜಾಗರೂಕತೆಯಿಂದ ಇಡೀ ಯಂತ್ರ ನಾಶವಾಗುತ್ತದೆ. ಪ್ರಮಾದವೆಂಬ ಶಬ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೌಕಿಕ ದೃಷ್ಟಾಂತ ದೊರೆಯುವುದು ಕಷ್ಟ.

ಈ ವಿಷಯದಲ್ಲಿ ಹಳೆಯ ವಾಹನಗಳ ಅಭಿಮಾನಿಗಳು ಎರಡು ಪಕ್ಷಗಳಾಗಿ ನಿಂತಿದ್ದಾರೆ. ಕಾರ್ಖಾನೆಯಿಂದ ಹೇಗೆ ಹೊರಬಂದಿತೋ ಹಾಗೆಯೇ ಅದು ಉಳಿಯಬೇಕು, ಒಂದು ಅಂಗವನ್ನು ಕಿತ್ತರೂ ಇತಿಹಾಸವನ್ನು ಕಿತ್ತಂತೆ ಎಂಬುದು ಒಂದು ಪಕ್ಷ. ಕಾರು ಓಡಲೆಂದು ನಿರ್ಮಿತವಾದದ್ದು, ಓಡಿಸಲಾಗದೆ ಮುಸುಕು ಹಾಕಿ ನಿಲ್ಲಿಸಿದ ಕಾರು ಲೋಹದ ರಾಶಿ ಮಾತ್ರ, ಆದುದರಿಂದ ಇಂದಿನ ರಸ್ತೆಗೂ ಇಂದಿನ ಶರೀರಕ್ಕೂ ಒಗ್ಗುವಂತೆ ಅದನ್ನು ಮಾರ್ಪಡಿಸುವುದೇ ಅದಕ್ಕೆ ಸಲ್ಲಿಸುವ ಗೌರವ ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ತಮ್ಮ ಮಾತಿಗೆ ‘ಮಾತ್ರ’ ಎಂಬ ಪದವನ್ನು ಸೇರಿಸಿಕೊಂಡಿರುವುದೇ ಜಗಳದ ಮೂಲ. ಏಕಾಂತವಾದವು ಧರ್ಮಶಾಲೆಯಲ್ಲಿ ಮಾತ್ರವಲ್ಲ, ಮೋಟಾರು ಗ್ಯಾರೇಜಿನಲ್ಲಿಯೂ ವಾಸಿಸುತ್ತದೆ.

ಮೊದಲು ತತ್ತ್ವದ ದೃಷ್ಟಿಯಿಂದ ನೋಡಬೇಕು. ಕಾರು ಒಂದು ಸ್ವತಂತ್ರ ದ್ರವ್ಯವಲ್ಲ. ಅದು ಪುದ್ಗಲ ಪರಮಾಣುಗಳು ಕೂಡಿ ಆದ ಸ್ಕಂಧಗಳ ಒಂದು ಸಮೂಹ. ಕಬ್ಬಿಣ, ಅಲ್ಯೂಮಿನಿಯಂ, ರಬ್ಬರು, ಗಾಜು ಇವುಗಳ ಜೋಡಣೆಗೆ ಲೋಕವ್ಯವಹಾರವು ಕೊಟ್ಟ ಹೆಸರು ಮಸ್ಟಾಂಗ್. ಸತ್ತಿನ ಲಕ್ಷಣವಾದ ಉತ್ಪಾದ, ವ್ಯಯ, ಧ್ರೌವ್ಯಗಳು ಅದರಲ್ಲಿ ಕ್ಷಣಕ್ಷಣಕ್ಕೂ ನಡೆಯುತ್ತಲೇ ಇವೆ. ಟೈರು ಸವೆಯುತ್ತದೆ, ಬಣ್ಣ ಮಾಸುತ್ತದೆ, ಎಣ್ಣೆ ಕಪ್ಪಾಗುತ್ತದೆ. ಯಾರೂ ಕೈಹಾಕದೆ ಇದ್ದರೂ 1966ರ ಕಾರು 1966ರ ಸ್ಥಿತಿಯಲ್ಲಿ ನಿಂತಿಲ್ಲ. ಧ್ರೌವ್ಯವಿರುವುದು ಪುದ್ಗಲದಲ್ಲಿಯೇ ಹೊರತು ಮಸ್ಟಾಂಗ್ ಎಂಬ ಹೆಸರಿನಲ್ಲಿ ಅಲ್ಲ. ಆದುದರಿಂದ ನಿಶ್ಚಯನಯದಿಂದ ಕಾರಿನ ಮೂಲಸ್ವರೂಪವನ್ನು ಅಖಂಡವಾಗಿ ಕಾಪಾಡಿದ್ದೇನೆ ಎನ್ನುವವನ ಹೆಮ್ಮೆಗೆ ಆಧಾರವಿಲ್ಲ.

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಟ್ಟಿರುವ ಒಂದು ದೃಷ್ಟಾಂತ ಸ್ವಾಧ್ಯಾಯಶೀಲರಿಗೆ ಪರಿಚಿತವೇ ಆಗಿದೆ. ಚಿನ್ನದ ಕಲಶವೊಂದನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶವನ್ನು ಬಯಸಿದ್ದವನು ದುಃಖಿಸುತ್ತಾನೆ, ಕಿರೀಟವನ್ನು ಬಯಸಿದ್ದವನು ಹರ್ಷಿಸುತ್ತಾನೆ, ಚಿನ್ನವನ್ನಷ್ಟೇ ಬಯಸಿದ್ದವನು ಮಧ್ಯಸ್ಥನಾಗಿರುತ್ತಾನೆ. ಮೂವರ ಭಾವನೆಗಳಿಗೂ ಕಾರಣವುಂಟು. ಏಕೆಂದರೆ ನಾಶವೂ ಉತ್ಪತ್ತಿಯೂ ಸ್ಥಿರತೆಯೂ ಮೂರೂ ನಿಜವಾಗಿಯೇ ನಡೆದಿವೆ. ಅಮೆರಿಕದಲ್ಲಿ ನೆಲೆಸಿದ ಒಂದು ಕುಟುಂಬವನ್ನು ಇದೇ ರೀತಿ ಕಲ್ಪಿಸಿಕೊಳ್ಳಬಹುದು. ತಂದೆ ಬಿಟ್ಟುಹೋದ ಕಾರು ಅದು. ಮಗಳು ಅದೇ ಕಾರಿನಲ್ಲಿ, ತಂದೆಯ ಪಕ್ಕದಲ್ಲಿ ಕುಳಿತು, ಕ್ಲಚ್ಚಿನ ಮೇಲೆ ಕಾಲಿಟ್ಟು ಚಾಲನೆಯನ್ನು ಕಲಿತವಳು. ಮಗನಿಗೆ ಈಗ ಎಡಮೊಣಕಾಲಿನ ಕೀಲು ಸವೆದು ಕ್ಲಚ್ ಒತ್ತಲಾಗದು. ಸ್ವಯಂಚಾಲಿತವಾದರೆ ಮಾತ್ರ ಅವನು ಓಡಿಸಬಲ್ಲ. ಮೊಮ್ಮಗನಿಗೆ ಅಜ್ಜನ ಕಾರು ಮನೆಯಲ್ಲಿ ಉಳಿದರೆ ಸಾಕು, ಗೇರು ಯಾವುದಾದರೂ ಆಗಬಹುದು. ಗೇರ್‌ಪೆಟ್ಟಿಗೆಯನ್ನು ಬದಲಿಸಿದ ದಿನ ಮಗಳ ಕಣ್ಣು ಒದ್ದೆಯಾದರೆ ಅದನ್ನು ಭ್ರಾಂತಿಯೆಂದು ತಳ್ಳಿಹಾಕಲಾಗದು. ಅವಳು ಪ್ರೀತಿಸಿದ ಪರ್ಯಾಯವು ನಿಜವಾಗಿಯೂ ನಾಶವಾಗಿದೆ.

ಆದುದರಿಂದ ಎಲ್ಲವೂ ಬದಲಾಗುವುದೇ ತಾನೆ, ಇದೊಂದು ಬದಲಾದರೆ ಏನಂತೆ ಎಂಬ ಮಾತು ತತ್ತ್ವದಂತೆ ಕೇಳಿಸಿದರೂ ತತ್ತ್ವವಲ್ಲ. ಅದು ನಿಶ್ಚಯನಯವನ್ನು ವ್ಯವಹಾರದಿಂದ ತಪ್ಪಿಸಿಕೊಳ್ಳಲು ಬಳಸುವ ಜಾಣತನ. ಶರೀರವೂ ಪುದ್ಗಲವೇ ಎಂಬ ಕಾರಣದಿಂದ ಯಾರೂ ಪರರ ಶರೀರಕ್ಕೆ ನೋವುಂಟುಮಾಡುವ ಅಧಿಕಾರವನ್ನು ಪಡೆಯುವುದಿಲ್ಲ. ಹಾಗೆಯೇ ವಸ್ತುವಿನೊಡನೆ ಜನರ ನಂಬಿಕೆ, ನೆನಪು, ಮಾತುಕೊಟ್ಟ ಸಂಬಂಧಗಳು ಹೆಣೆದುಕೊಂಡಿರುವಾಗ ವ್ಯವಹಾರನಯವು ತನ್ನ ಹಕ್ಕನ್ನು ಕೇಳುತ್ತದೆ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಇಲ್ಲಿ ಅನ್ವಯಿಸಿ ನೋಡಬಹುದು. ಹೆಸರಿನಿಂದ ಅದು ಮಸ್ಟಾಂಗ್ ಆಗಿಯೇ ಉಳಿಯುತ್ತದೆ. ಸ್ಥಾಪನೆಯಿಂದ ಅದು ಮಗಳ ಪಾಲಿಗೆ ತಂದೆಯ ನೆನಪಿನ ಪ್ರತೀಕ. ದ್ರವ್ಯದೃಷ್ಟಿಯಿಂದ ಅದು ಹಿಂದೆ ಮ್ಯಾನುಯಲ್ ಆಗಿದ್ದ, ಮುಂದೆ ಮತ್ತೆ ಆಗಬಹುದಾದ ಕಾರು. ಭಾವದೃಷ್ಟಿಯಿಂದ, ಅಂದರೆ ವರ್ತಮಾನದ ಸ್ಥಿತಿಯಲ್ಲಿ, ಅದು ಸ್ವಯಂಚಾಲಿತ. ನಾಲ್ಕೂ ಸತ್ಯ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿದರೆ ಅಸತ್ಯ.

ಸ್ಯಾದ್ವಾದವೆಂದರೆ ಎರಡೂ ಕಡೆಯವರಿಗೆ ಸ್ವಲ್ಪ ಸ್ವಲ್ಪ ಹಂಚಿಕೊಟ್ಟು ಸಮಾಧಾನಪಡಿಸುವ ಉಪಾಯವೆಂದು ತಿಳಿಯುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ‘ಸ್ಯಾತ್’ ಎಂಬ ಪದವು ಮಾತನ್ನು ಸಡಿಲಗೊಳಿಸುವುದಿಲ್ಲ, ಬಿಗಿಗೊಳಿಸುತ್ತದೆ. ಯಾವ ಅಪೇಕ್ಷೆಯಿಂದ, ಯಾವ ಕ್ಷೇತ್ರದಲ್ಲಿ, ಯಾವ ಕಾಲದಲ್ಲಿ, ಯಾವ ಭಾವದಲ್ಲಿ ಹೇಳುತ್ತಿರುವೆ ಎಂದು ಅದು ಪ್ರಶ್ನಿಸುತ್ತದೆ. ಇದು ಅಸಲಿ ಕಾರೇ ಎಂದು ಕೇಳಿದವನಿಗೆ ಹೌದು ಎಂದರೂ ಸಾಲದು, ಅಲ್ಲ ಎಂದರೂ ಸಾಲದು. ದೇಹವೂ ಎಂಜಿನ್ನೂ ಮೂಲದವು, ಗೇರ್‌ಪೆಟ್ಟಿಗೆ ಇಂಥ ವರ್ಷದಲ್ಲಿ ಬದಲಾಯಿತು, ಹಳೆಯದು ಇಂಥ ಕಡೆ ಇದೆ ಎಂದರೆ ಅದು ಅನೇಕಾಂತದ ಉತ್ತರ. ಈ ಅರ್ಥದಲ್ಲಿ ಪ್ರಾಮಾಣಿಕ ದಾಖಲೆಯೇ ಸ್ಯಾದ್ವಾದದ ಲೌಕಿಕ ರೂಪ.

ಮುಂದಿನ ಪ್ರಶ್ನೆ ಪರಿಗ್ರಹದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹವನ್ನು ಮೂರ್ಛೆಯಿಂದ, ಅಂದರೆ ಮಮತ್ವದಿಂದ, ಗುರುತಿಸುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ಎರಡೂ ಪಕ್ಷಗಳಲ್ಲಿ ಮೂರ್ಛೆಗೆ ಅವಕಾಶವಿದೆ. ಪ್ರತಿಯೊಂದು ತಿರುಪೂ ಕಾರ್ಖಾನೆಯದೇ ಆಗಿರಬೇಕೆಂಬ ಹಟದ ಹಿಂದೆ ಇತಿಹಾಸಪ್ರೇಮವೂ ಇರಬಹುದು, ಪ್ರದರ್ಶನದಲ್ಲಿ ಪರರ ಕಾರಿಗಿಂತ ತನ್ನದು ಶುದ್ಧವೆನ್ನಿಸಿಕೊಳ್ಳುವ ಮಾನಕಷಾಯವೂ ಇರಬಹುದು. ಸೌಕರ್ಯಕ್ಕಾಗಿ ಬದಲಿಸುವವನ ಹಿಂದೆ ನೋವುಳ್ಳ ಮೊಣಕಾಲೂ ಇರಬಹುದು, ಇಂದು ಗೇರು, ನಾಳೆ ಸ್ಟೀರಿಂಗ್, ನಾಡಿದ್ದು ಹವಾನಿಯಂತ್ರಣ ಎಂದು ಕೊನೆಯಿಲ್ಲದೆ ಸಾಗುವ ಭೋಗತೃಷ್ಣೆಯೂ ಇರಬಹುದು. ಹೊರಗಿನ ಕ್ರಿಯೆ ಒಂದೇ ಆದರೂ ಬಂಧವು ಒಳಗಿನ ಪರಿಣಾಮವನ್ನು ಅನುಸರಿಸುತ್ತದೆ. ಭೋಗೋಪಭೋಗ ಪರಿಮಾಣ ವ್ರತದ ಉಪಯೋಗ ಇಲ್ಲಿಯೇ. ಕೆಲಸ ಆರಂಭಿಸುವ ಮೊದಲೇ ಇಷ್ಟೇ ಬದಲಾವಣೆ, ಇಷ್ಟೇ ವೆಚ್ಚ, ಇದಾದ ಮೇಲೆ ನಿಲ್ಲುವುದು ಎಂಬ ಪರಿಮಿತಿಯನ್ನು ಹಾಕಿಕೊಂಡವನು ಅಗತ್ಯಕ್ಕೂ ತೃಷ್ಣೆಗೂ ನಡುವಿನ ಗೆರೆಯನ್ನು ತಾನೇ ಕಾಣಬಲ್ಲನು.

ಹಳೆಯ ಕಾರನ್ನು ಇಟ್ಟುಕೊಳ್ಳುವುದೇ ಅನಗತ್ಯ ಪರಿಗ್ರಹವಲ್ಲವೇ ಎಂದು ಯಾರಾದರೂ ಕೇಳಿದರೆ ಅದನ್ನು ಉಪೇಕ್ಷಿಸಲಾಗದು. ಉತ್ತರವು ಆಯಾ ಗೃಹಸ್ಥನು ಸ್ವೀಕರಿಸಿದ ಪರಿಮಾಣವನ್ನು ಅವಲಂಬಿಸಿದೆ. ಇರುವ ಒಂದನ್ನು ಸರಿಪಡಿಸಿ ಬಳಸುವುದು, ಅದನ್ನು ಮೂಲೆಗೆ ನಿಲ್ಲಿಸಿ ಇನ್ನೊಂದನ್ನು ಕೊಳ್ಳುವುದಕ್ಕಿಂತ ಲಘುವಾದ ಪರಿಗ್ರಹವೆಂಬುದು ಮಾತ್ರ ಸ್ಪಷ್ಟ. ಎರಡು ವಾಹನಗಳ ಕೆಲಸವನ್ನು ಒಂದೇ ವಾಹನ ಮಾಡುವುದಾದರೆ ಬದಲಾವಣೆಯು ಸಂಯಮಕ್ಕೆ ಸಹಾಯಕ. ಮೊದಲೇ ಐದು ಕಾರುಗಳಿರುವವನು ಆರನೆಯದನ್ನು ಕೊಂಡು, ಓಡಿಸುವ ಉದ್ದೇಶವೂ ಇಲ್ಲದೆ, ಕೇವಲ ಕುತೂಹಲಕ್ಕಾಗಿ ಅದರ ಒಳಗನ್ನು ಕಿತ್ತುಹಾಕಿದರೆ ಅದು ಅನರ್ಥದಂಡದ ವ್ಯಾಪ್ತಿಗೆ ಬರುತ್ತದೆ.

ಅಹಿಂಸೆಯ ದೃಷ್ಟಿಯಿಂದ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ನಿನ ಸುತ್ತು ಇಳಿದಂತೆ ಸಾಮಾನ್ಯವಾಗಿ ಇಂಧನದ ದಹನವೂ ಇಳಿಯುತ್ತದೆ. ಅಷ್ಟರಮಟ್ಟಿಗೆ ವಾಯುಕಾಯ, ತೇಜಸ್ಕಾಯ ಜೀವಗಳ ವಿರಾಧನೆಯೂ ಪರರ ಶ್ವಾಸಕ್ಕೆ ಆಗುವ ಬಾಧೆಯೂ ಕಡಮೆ. ಆದರೆ ಊರೊಳಗಿನ ನಿಂತು ನಿಂತು ಸಾಗುವ ಸಂಚಾರದಲ್ಲಿ ಟಾರ್ಕ್ ಕನ್ವರ್ಟರಿನ ಜಾರುವಿಕೆಯಿಂದ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಎ.ಓ.ಡಿ. ಪೆಟ್ಟಿಗೆಯಲ್ಲಿ ನಾಲ್ಕನೆಯ ಗತಿಗೆ ಬಂದಾಗ ಮಾತ್ರ ಶಕ್ತಿಯು ಸಂಪೂರ್ಣವಾಗಿ ಕನ್ವರ್ಟರಿನ ದ್ರವವನ್ನು ಬಿಟ್ಟು ನೇರವಾದ ಶಾಫ್ಟಿನ ಮೂಲಕ ಹರಿಯುತ್ತದೆ. ಆದುದರಿಂದ ದೂರಪ್ರಯಾಣ ಮಾಡುವವನಿಗೆ ಲಾಭವಾದದ್ದು ಪೇಟೆಯೊಳಗೆ ಮಾತ್ರ ಸುತ್ತುವವನಿಗೆ ಲಾಭವಾಗದೆ ಇರಬಹುದು. ಹಳೆಯ ಮ್ಯಾನುಯಲ್ ಪೆಟ್ಟಿಗೆಗೆ ಸುಮಾರು 2 ಲೀಟರ್ ಎಣ್ಣೆ ಸಾಕು. ಸ್ವಯಂಚಾಲಿತಕ್ಕೆ ಸುಮಾರು 11 ಲೀಟರ್ ದ್ರವ ಬೇಕು. ಬದಲಿಸಿದ ದ್ರವವನ್ನು ಚರಂಡಿಗೋ ಮಣ್ಣಿಗೋ ಚೆಲ್ಲಿದರೆ ಅಲ್ಲಿಯ ತ್ರಸ ಮತ್ತು ಸ್ಥಾವರ ಜೀವಿಗಳ ನಾಶ ನಿಶ್ಚಿತ. ಉತ್ತಮವಾದ ಯಂತ್ರವನ್ನು ಜೋಡಿಸಿಯೂ ಈ ಒಂದು ವಿಷಯದಲ್ಲಿ ಅಲಕ್ಷ್ಯ ಮಾಡಿದವನು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಮೂಲಸ್ಥಿತಿಯೇ ಶುದ್ಧಸ್ಥಿತಿ ಎಂದು ತಿಳಿಯುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1970ರ ದಶಕದ ಆರಂಭದವರೆಗೂ ಅಮೆರಿಕದ ಸ್ವಯಂಚಾಲಿತ ಪೆಟ್ಟಿಗೆಗಳ ದ್ರವಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುವ ಪದ್ಧತಿ ಇತ್ತು. ಘರ್ಷಣೆಯನ್ನು ಹದಗೊಳಿಸುವ ಗುಣಕ್ಕಾಗಿ ಅದನ್ನು ಉಪಯೋಗಿಸುತ್ತಿದ್ದರು. ಆ ತಿಮಿಂಗಿಲಗಳು ಅಳಿವಿನ ಅಂಚಿಗೆ ಬಂದು, ಅವುಗಳ ಉತ್ಪನ್ನಗಳ ಮೇಲೆ ಅಲ್ಲಿಯ ಸರಕಾರ ನಿಷೇಧ ವಿಧಿಸಿದ ಬಳಿಕ ಕೃತಕ ದ್ರವ್ಯಗಳು ಅದರ ಸ್ಥಾನವನ್ನು ಪಡೆದವು. 1960ರ ದಶಕದ ವೈಭವವನ್ನು ಕೊಂಡಾಡುವಾಗ ಸಮುದ್ರದ ಆ ಪಂಚೇಂದ್ರಿಯ ಪ್ರಾಣಿಗಳ ವಧೆಯೂ ಆ ವೈಭವದ ಭಾಗವಾಗಿತ್ತೆಂಬುದನ್ನು ಮರೆಯಲಾಗದು. ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಪೂಜ್ಯವಲ್ಲ. ಹೊಸತೆಂಬ ಮಾತ್ರಕ್ಕೆ ಎಲ್ಲವೂ ತ್ಯಾಜ್ಯವಲ್ಲ.

ಚಾಲಕನ ಯತ್ನಾಚಾರವೂ ಇಲ್ಲಿ ಪ್ರಸ್ತುತ. ಮೊಣಕಾಲು ನೋಯುತ್ತಿರುವವನು ಇಳಿಜಾರಿನ ದಟ್ಟಣೆಯಲ್ಲಿ ಕ್ಲಚ್ಚಿನೊಡನೆ ಹೆಣಗಾಡುವಾಗ ಅವನ ಗಮನ ರಸ್ತೆಯ ಮೇಲಿರುವುದಿಲ್ಲ. ಗೇರಿನ ಚಿಂತೆ ತಪ್ಪಿದರೆ ಎದುರು ಬರುವ ಮಗುವನ್ನೋ ಪ್ರಾಣಿಯನ್ನೋ ಅವನು ಬೇಗ ಕಾಣಬಹುದು. ಆದರೆ ಸ್ವಯಂಚಾಲಿತವೆಂಬ ಶಬ್ದವು ಚಾಲಕನ ಜಾಗೃತಿಗೂ ರಜೆ ಕೊಡುವುದಾದರೆ ಪರಿಣಾಮ ತಿರುಗುಮುರುಗಾಗುತ್ತದೆ. ಓವರ್‌ಡ್ರೈವಿನಲ್ಲಿ ಇಳಿಯುವಾಗ ಎಂಜಿನ್ನಿನ ತಡೆಯೂ ಕಡಮೆ. ಹಳೆಯ ಕಾಲದ ಡ್ರಮ್ ಬ್ರೇಕುಗಳ ಮೇಲೆ ಭಾರ ಹೆಚ್ಚು. ಗತಿಯನ್ನು ಸುಲಭಗೊಳಿಸಿದವನು ತಡೆಯನ್ನೂ ಪರೀಕ್ಷಿಸಿಕೊಳ್ಳಬೇಕಾದದ್ದು ಕರ್ತವ್ಯ. ಚಲನೆಯಲ್ಲಿ ಎಚ್ಚರವೇ ಅಹಿಂಸೆಯ ಮೊದಲ ಹೆಜ್ಜೆಯೆಂದು ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿಯ ಸಾರವು ಗೃಹಸ್ಥನಿಗೂ ಅವನ ಮಟ್ಟದಲ್ಲಿ ಸಲ್ಲುತ್ತದೆ.

ಇಷ್ಟಾದರೂ ಈ ವಿಷಯದ ಅತ್ಯಂತ ಕಠಿನವಾದ ಭಾಗ ಇನ್ನೂ ಉಳಿದಿದೆ. ಅದು ಸತ್ಯ ಮತ್ತು ಅಚೌರ್ಯಗಳಿಗೆ ಸಂಬಂಧಿಸಿದ್ದು. 1966ರ ಮಸ್ಟಾಂಗಿನ ಬಾಗಿಲಿಗೆ ಲೋಹದ ಒಂದು ಸಣ್ಣ ಫಲಕವನ್ನು ಅಂಟಿಸಿರುತ್ತಾರೆ. ಬಣ್ಣ, ಒಳಸಜ್ಜು, ಹಿಂದಿನ ಅಚ್ಚು, ಗೇರ್‌ಪೆಟ್ಟಿಗೆ ಇವುಗಳ ಸಂಕೇತಗಳು ಅದರಲ್ಲಿವೆ. ನಾಲ್ಕು ಗತಿಗಳ ಮ್ಯಾನುಯಲ್ ಪೆಟ್ಟಿಗೆಗೆ 5 ಎಂಬ ಅಂಕೆ, ಅಂದಿನ ಸ್ವಯಂಚಾಲಿತ ಪೆಟ್ಟಿಗೆಗೆ 6 ಎಂಬ ಅಂಕೆ. ಪೆಟ್ಟಿಗೆಯನ್ನು ಬದಲಿಸಿದ ಮೇಲೂ ಫಲಕವು 5 ಎಂದೇ ಹೇಳುತ್ತಿರುತ್ತದೆ. ಫಲಕ ಸುಳ್ಳಾಡುತ್ತಿಲ್ಲ, ಅದು ಕಾರು ಹುಟ್ಟಿದ ದಿನದ ಸಾಕ್ಷಿ. ಆದರೆ ಮಾಲೀಕನು ಕಾರನ್ನು ಮಾರುವ ದಿನ ಬಂದಾಗ ಈ ಸಾಕ್ಷಿಯನ್ನು ತೋರಿಸಿ, ಉಳಿದದ್ದನ್ನು ಹೇಳದೆ ಸುಮ್ಮನಾದರೆ ಸುಳ್ಳು ಮಾಲೀಕನದಾಗುತ್ತದೆ. ಹಾಗೆಂದು ಫಲಕವನ್ನೇ ಕಿತ್ತು, ಹೊಸ ಅಂಕೆಯನ್ನು ಒತ್ತಿಸಿ ಹೊಂದಾಣಿಕೆ ಮಾಡಿದರೆ ಅದು ಇನ್ನೂ ದೊಡ್ಡ ದೋಷ. ಕೂಟಲೇಖಕ್ರಿಯೆಯೆಂದು, ಅಂದರೆ ಸುಳ್ಳುದಾಖಲೆಯನ್ನು ಸೃಷ್ಟಿಸುವುದೆಂದು, ಸತ್ಯಾಣುವ್ರತದ ಅತಿಚಾರಗಳಲ್ಲಿ ಹೇಳಿರುವುದು ಇದನ್ನೇ.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದು ಒಂದು. ಒಂದು ವಸ್ತುವಿನ ಹೆಸರಿನಲ್ಲಿ ಅದನ್ನು ಹೋಲುವ ಇನ್ನೊಂದನ್ನು ಕೊಡುವುದು ಅದರ ಅರ್ಥ. ತುಪ್ಪದಲ್ಲಿ ಕೊಬ್ಬು ಬೆರೆಸುವುದನ್ನು ಎಲ್ಲರೂ ಖಂಡಿಸುತ್ತಾರೆ. ಆದರೆ ಬದಲಿಸಿದ ಕಾರಿಗೆ ಮಾರಾಟದ ಮುನ್ನಾದಿನ ಎಲ್ಲಿಂದಲೋ ತಂದ ಬೇರೆ ನಾಲ್ಕು ಗತಿಗಳ ಪೆಟ್ಟಿಗೆಯನ್ನು ಜೋಡಿಸಿ, ಹುಟ್ಟಿನಿಂದಲೂ ಹೀಗೆಯೇ ಇದೆ ಎಂದು ನಂಬಿಸುವುದು ಅದೇ ಜಾತಿಯ ಕೃತ್ಯವೆಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಕೊಳ್ಳುವವನು ಕೇಳಲಿಲ್ಲ, ಆದುದರಿಂದ ಹೇಳಲಿಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಯಾವ ಪ್ರಶ್ನೆಯನ್ನು ಕೇಳಬೇಕೆಂಬುದೇ ತಿಳಿಯದವನ ಅಜ್ಞಾನವನ್ನು ಹಣವಾಗಿ ಪರಿವರ್ತಿಸಿಕೊಳ್ಳುವುದು ಕೊಡದಿರುವುದನ್ನು ತೆಗೆದುಕೊಂಡಂತೆಯೇ. ಬೆಲೆ ಇಳಿದರೂ ಪೂರ್ಣವಾದ ವಿವರವನ್ನು ಬರೆದುಕೊಡುವವನು ಕಳೆದುಕೊಳ್ಳುವುದು ಹಣವನ್ನು ಮಾತ್ರ.

ಅಂಗವನ್ನು ಬದಲಿಸುವುದರಲ್ಲಿಯೂ ಎರಡು ಬಗೆಗಳಿವೆ. ಬೋಲ್ಟುಗಳನ್ನು ಬಿಚ್ಚಿ ಕಟ್ಟುವುದರಿಂದಲೇ ಆಗುವ ಬದಲಾವಣೆ ಒಂದು. ನೆಲದ ತಗಡನ್ನು ಕತ್ತರಿಸಿ, ಚೌಕಟ್ಟನ್ನು ಕೊಯ್ದು ಬೆಸುಗೆ ಹಾಕಿ ಮಾಡುವ ಬದಲಾವಣೆ ಇನ್ನೊಂದು. ಮೊದಲನೆಯದನ್ನು ಮುಂದಿನ ತಲೆಮಾರು ಹಿಂದಿರುಗಿಸಬಹುದು. ಎರಡನೆಯದು ಅವರ ಆಯ್ಕೆಯನ್ನೇ ಕಸಿದುಕೊಳ್ಳುತ್ತದೆ. ಸ್ಮಾರಕಗಳ ಸಂರಕ್ಷಣೆಗೆ ಸಂಬಂಧಿಸಿದ 1964ರ ವೆನಿಸ್ ಸನ್ನದು ಹೊಸದಾಗಿ ಸೇರಿಸಿದ ಭಾಗಗಳು ಒಟ್ಟು ರೂಪಕ್ಕೆ ಹೊಂದಿಕೊಂಡೂ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕೆಂದು ವಿಧಿಸಿತು. 1994ರ ನಾರಾ ದಾಖಲೆಯು ನೈಜತೆಯನ್ನು ಆಯಾ ಸಂಸ್ಕೃತಿಯ ಹಿನ್ನೆಲೆಯಲ್ಲಿಯೇ ನಿರ್ಣಯಿಸಬೇಕೆಂದು ಒಪ್ಪಿಕೊಂಡಿತು. ಪುರಾತನ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟುರಿನ್ ಸನ್ನದು ಇದೇ ವಿಚಾರವನ್ನು ವಾಹನಗಳಿಗೂ ವಿಸ್ತರಿಸಿ, ಮಾರ್ಪಾಡುಗಳನ್ನು ದಾಖಲಿಸಬೇಕೆಂದೂ ತೆಗೆದ ಮುಖ್ಯ ಅಂಗಗಳನ್ನು ವಾಹನದೊಡನೆ ಕಾಪಾಡುವುದು ಒಳ್ಳೆಯದೆಂದೂ ಹೇಳುತ್ತದೆ.

ಆದರೆ ತೆಗೆದ ಪೆಟ್ಟಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಇನ್ನೊಂದು ಪರಿಗ್ರಹವಾಗದೇ? ಇಟ್ಟುಕೊಳ್ಳುವ ಭಾವವನ್ನು ನೋಡಿ ಇದಕ್ಕೆ ಉತ್ತರ ಹೇಳಬೇಕು. ಎರಡೂ ತನಗೇ ಬೇಕೆಂಬ ಲೋಭದಿಂದ ಇಟ್ಟರೆ ಅದು ಪರಿಗ್ರಹವೇ. ತಂಗಿಯ ನೆನಪಿಗೂ ಮುಂದಿನವರ ಆಯ್ಕೆಗೂ ಸೇರಿದ ವಸ್ತುವೆಂದು, ಎಣ್ಣೆ ಸವರಿ, ಚೀಟಿ ಬರೆದು, ನ್ಯಾಸದಂತೆ ಕಾಪಾಡಿದರೆ ಅವನು ಅದರ ಒಡೆಯನಲ್ಲ, ಕಾವಲುಗಾರ. ಆಗಲೂ ವ್ರತಿಯಾದವನು ಅದನ್ನು ತನ್ನ ಪರಿಮಾಣದ ಲೆಕ್ಕದಲ್ಲಿ ಸೇರಿಸತಕ್ಕದ್ದು. ಮನೆಯವರೆಲ್ಲರೂ ಒಪ್ಪಿದರೆ, ಅಂಥದೇ ಕಾರನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ಇನ್ನೊಬ್ಬರಿಗೆ ಅದನ್ನು ಕೊಟ್ಟು ಬಂಧನದಿಂದ ಬಿಡುಗಡೆ ಹೊಂದುವುದೂ ತಪ್ಪಲ್ಲ. ಯಾರನ್ನೂ ಕೇಳದೆ ಗುಜರಿಗೆ ಹಾಕುವುದು ಮಾತ್ರ ಸರ್ವಥಾ ಯುಕ್ತವಲ್ಲ.

ಬಸದಿಗಳ ಆಡಳಿತವನ್ನು ಹೊತ್ತಿರುವ ಟ್ರಸ್ಟುಗಳಿಗೆ ಈ ವಿಚಾರಗಳು ದೂರದವಲ್ಲ. ಪ್ರತಿಷ್ಠಾಪಿತ ಬಿಂಬವನ್ನು ಯಂತ್ರದೊಡನೆ ಹೋಲಿಸುವ ಮಾತೇ ಇಲ್ಲ. ಆದರೆ ಗೋಡೆ, ಕಂಬ, ಮಾಡು, ನೆಲಹಾಸುಗಳ ಜೀರ್ಣೋದ್ಧಾರದಲ್ಲಿ ಇವೇ ಪ್ರಶ್ನೆಗಳು ಏಳುತ್ತವೆ. ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆಗೆ ಗಟ್ಟಿಯಾದ ಸಿಮೆಂಟು ಬಳಿದರೆ ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ, ಲವಣಗಳು ಶೇಖರವಾಗಿ, ಉಳಿಸಬೇಕೆಂದ ಕಲ್ಲೇ ಪುಡಿಯಾಗುತ್ತದೆ. ಬಲಪಡಿಸಿದೆವೆಂಬ ತೃಪ್ತಿಯಲ್ಲಿ ದುರ್ಬಲಗೊಳಿಸಿದಂತಾಗುತ್ತದೆ. ವೃದ್ಧ ಶ್ರಾವಕರಿಗಾಗಿ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ ಮಾಡಬೇಕಾದಾಗ ಹಳೆಯ ಜಗತಿಯನ್ನು ಒಡೆಯದೆ, ಬೇಕಾದಾಗ ತೆಗೆಯಬಹುದಾದ ರೀತಿಯಲ್ಲಿ ಮಾಡುವುದು ಸಾಧ್ಯ. ನೋಯುವ ಮೊಣಕಾಲು ಕಾರಿನಲ್ಲಿದ್ದರೂ ಬಸದಿಯ ಬಾಗಿಲಲ್ಲಿದ್ದರೂ ಕರುಣೆಗೆ ಅರ್ಹವೇ; ಆ ಕರುಣೆಗಾಗಿ ಪೂರ್ವಿಕರ ಕೊಡುಗೆಯನ್ನು ಅಳಿಸಬೇಕಾಗಿಲ್ಲ.

ಎರಡಕ್ಕೂ ನಡುವೆ ಒಂದು ಮುಖ್ಯ ಭೇದವಿದೆ. ಕಾರಿನ ಮಾಲೀಕನು ತನ್ನ ಮನೆಯ ಮೂವರನ್ನು ಕೇಳಿದರೆ ಸಾಕು. ಟ್ರಸ್ಟಿನವರು ಒಡೆಯರಲ್ಲ. ಹಿಂದಿನ ದಾನಿಗಳು ಇಂದು ಮಾತನಾಡಲಾರರು, ಮುಂದಿನ ಭಕ್ತರು ಇನ್ನೂ ಹುಟ್ಟಿಲ್ಲ. ಅವರಿಬ್ಬರ ಪರವಾಗಿಯೂ ಇಂದಿನವರೇ ಯೋಚಿಸಬೇಕಾಗಿದೆ. ಹಳೆಯ ದಾನಿಯ ಹೆಸರಿನ ಕಲ್ಲನ್ನು ತೆಗೆದು ಹೊಸ ದಾನಿಯ ಅಮೃತಶಿಲೆಯ ಫಲಕವನ್ನು ಕೂಡಿಸುವುದು, ಬಾಗಿಲಿನ 5ನ್ನು ಅಳಿಸಿ 6 ಒತ್ತಿಸುವುದಕ್ಕಿಂತ ಬೇರೆಯಲ್ಲ. ಯಾವ ವರ್ಷ, ಯಾವ ಭಾಗವನ್ನು, ಯಾವ ಕಾರಣಕ್ಕೆ, ಯಾವ ಸಾಮಗ್ರಿಯಿಂದ ಬದಲಿಸಲಾಯಿತೆಂಬ ಒಂದು ಪುಸ್ತಕವನ್ನು ಪ್ರತಿಯೊಂದು ಬಸದಿಯಲ್ಲಿ ಇಟ್ಟರೆ ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ, ಅದರಿಂದ ಉಳಿಯುವ ಸತ್ಯ ಅಪಾರ.

ಹೀಗೆ ನೋಡಿದಾಗ ಮೊದಲ ಪ್ರಶ್ನೆಗೆ ಉತ್ತರವು ಒಂದೇ ಮಾತಿನಲ್ಲಿ ದೊರೆಯುವುದಿಲ್ಲವಾದರೂ ಅನಿಶ್ಚಿತವೇನೂ ಅಲ್ಲ. ಪ್ರಯೋಜನವು ನಿಜವಾಗಿದ್ದರೆ, ಮಾರ್ಪಾಡಿಗೆ ಮೊದಲೇ ಮಿತಿಯಿದ್ದರೆ, ಕೆಲಸದಲ್ಲಿಯೂ ತ್ಯಾಜ್ಯದ ವಿಲೇವಾರಿಯಲ್ಲಿಯೂ ಎಚ್ಚರವಿದ್ದರೆ, ಹಿಂದಿರುಗುವ ದಾರಿ ತೆರೆದಿದ್ದರೆ, ನಡೆದದ್ದನ್ನು ನಡೆದಂತೆ ಬರೆದಿಟ್ಟರೆ ಆ ಬದಲಾವಣೆ ನಿರ್ದೋಷವಾಗಲು ಹತ್ತಿರವಾಗುತ್ತದೆ. ಇವುಗಳಲ್ಲಿ ಮೊದಲ ನಾಲ್ಕರಲ್ಲಿ ಕೊರತೆಯಾದರೆ ಪ್ರಾಯಶ್ಚಿತ್ತಕ್ಕೂ ತಿದ್ದುಪಡಿಗೂ ಅವಕಾಶವಿದೆ. ಕೊನೆಯದರಲ್ಲಿ ಕೊರತೆಯಾದರೆ, ತಿದ್ದಬೇಕಾದದ್ದು ಇದೆಯೆಂಬುದೇ ಮುಂದಿನವರಿಗೆ ತಿಳಿಯದೆ ಹೋಗುತ್ತದೆ. ಕಲಶವನ್ನು ಬಯಸಿದ್ದವಳ ದುಃಖವನ್ನು ಇವು ಯಾವುವೂ ಅಳಿಸಲಾರವು. ಅವಳನ್ನು ಮೊದಲೇ ಕೇಳಿ, ಅವಳ ಮಾತನ್ನು ಪೂರ್ಣವಾಗಿ ಆಲಿಸಿ, ಸಾಧ್ಯವಾದರೆ ಬದಲಿಸುವ ಮುನ್ನ ಒಮ್ಮೆ ಆ ಕಾರನ್ನು ಅವಳ ಕೈಗೆ ಕೊಡುವುದು ಅಣ್ಣನಿಂದ ಆಗಬಹುದಾದ ಕೆಲಸ.